ಎಲೀಟ್ ಡೇಂಜರಸ್: ಬೇರೆ ಆಟಗಾರರ ದಾಳಿಯಿಂದ ಕಲಿಯುವುದು ಹೇಗೆ?

ವಿದ್ಯಾನಗರದ ಪೈಲಟ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ಆಟದಲ್ಲಿ ಟೈಪ್-6 ನೌಕೆಯಲ್ಲಿ ಸರಕು ಸಾಗಿಸಿಕೊಂಡು, ಬೇರೆ ಆಟಗಾರರೂ ಎದುರಾಗುವ ಓಪನ್ ಮೋಡ್‌ನಲ್ಲಿಯೇ ಆಡುತ್ತಿರುವವನು ನಾನು. ಕಂಪ್ಯೂಟರ್ ನಡೆಸುವ ದರೋಡೆಕೋರರು ಅಡ್ಡ ಬಂದರೆ ಹೇಗೋ ಪಾರಾಗುತ್ತೇನೆ. ಅವರ ವರಸೆಗಳು ಈಗ ರೂಢಿಯಾಗಿವೆ. ಆದರೆ ಇನ್ನೊಬ್ಬ ಆಟಗಾರನೇ ಬೆನ್ನು ಹತ್ತಿದಾಗ ಆ ರೂಢಿ ಯಾವುದೂ ಕೆಲಸಕ್ಕೆ ಬರುತ್ತಿಲ್ಲ.

ಕಳೆದ ವಾರದ ಘಟನೆಯನ್ನೇ ಹೇಳುತ್ತೇನೆ. ನೌಕೆಗಳನ್ನು ಬಲಪಡಿಸಿಕೊಡುವ ಎಂಜಿನಿಯರ್ ಫೆಲಿಸಿಟಿ ಫಾರ್ಸಿಯರ್‌ಗೆ ಕೊಡಬೇಕಾದ ಮೆಟಾ-ಅಲಾಯ್ ಎಂಬ ಸರಕು ಹೊತ್ತುಕೊಂಡು, ಆಕೆ ಇರುವ ಡೆಸಿಯಾಟ್ ಸೌರಮಂಡಲವನ್ನು ತಲುಪಿದ್ದೆ. ನಕ್ಷತ್ರದಿಂದ ಸ್ವಲ್ಪ ದೂರ ಸಾಗುವಷ್ಟರಲ್ಲಿ ಹಿಂದಿನಿಂದ ಬಂದ ಒಂದು ಫರ್-ಡಿ-ಲ್ಯಾನ್ಸ್ ಯುದ್ಧನೌಕೆ ನನ್ನನ್ನು ಇಂಟರ್‌ಡಿಕ್ಟ್ ಮಾಡಿತು, ಅಂದರೆ ಸೂಪರ್‌ಕ್ರೂಸ್ ಎಂಬ ಅತಿವೇಗದ ಪಯಣದಿಂದ ಹೊರಗೆಳೆಯತೊಡಗಿತು. ಪರದೆಯಲ್ಲಿ ಕಾಣುವ ಪಾರಾಗುವ ದಿಕ್ಕಿಗೆ ನೌಕೆಯ ಮೂತಿಯನ್ನು ಹಿಡಿದಿಡಲು ಎಷ್ಟೇ ಗುದ್ದಾಡಿದರೂ ಆಗಲಿಲ್ಲ. ಸೂಪರ್‌ಕ್ರೂಸ್‌ನಿಂದ ಗಿರಗಿರನೆ ತಿರುಗುತ್ತ ಹೊರಬಿದ್ದ ಮೇಲೆ ಮೂತಿ ತಿರುಗಿಸಿ ನೇರವಾಗಿ ಓಡಿದೆ, ಮತ್ತೆ ಸೂಪರ್‌ಕ್ರೂಸ್‌ಗೆ ಹೋಗಲು ಗುಂಡಿ ಒತ್ತಿದೆ. ಜಿಗಿತಕ್ಕೆ ಬೇಕಾದ ಫ್ರೇಮ್ ಶಿಫ್ಟ್ ಡ್ರೈವ್ ಎಂಬ ಯಂತ್ರ ಆಮೆಯ ಹಾಗೆ ಚಾರ್ಜ್ ಆಗುತ್ತಿರುವಾಗಲೇ ರಕ್ಷಾಕವಚವಾದ ಶೀಲ್ಡ್ ಹೋಯಿತು, ಆಮೇಲೆ ನೌಕೆಯ ಒಡಲಾದ ಹಲ್ ಹೋಯಿತು, ಕೊನೆಗೆ ನೌಕೆಯನ್ನು ಮತ್ತೆ ಕೊಳ್ಳುವ ರೀಬೈ ಪರದೆ ಬಂತು. ಎದುರಾಳಿ ಒಂದಕ್ಷರ ಮಾತನಾಡಲಿಲ್ಲ.

ಜೊತೆಗೆ ಆಡುವ ಗೆಳೆಯರಲ್ಲಿ ಒಬ್ಬರು, ಬೇರೆ ಆಟಗಾರರು ಎದುರಾಗದ ಸೋಲೋ ಮೋಡ್‌ಗೆ ಹೋಗಿಬಿಡು ಎನ್ನುತ್ತಾರೆ. ಇನ್ನೊಬ್ಬರು ದೊಡ್ಡ ನೌಕೆ ಕೊಂಡುಕೋ ಎನ್ನುತ್ತಾರೆ. ನನ್ನ ಪ್ರಶ್ನೆ ಅದಲ್ಲ. ಇಂಥ ದಾಳಿ ಮುಗಿದ ಮೇಲೆ, ಅದರಿಂದ ಏನನ್ನಾದರೂ ಕಲಿಯಬೇಕಾದರೆ ಏನನ್ನು ನೋಡಬೇಕು? ಎಲ್ಲವೂ ಒಂದು ನಿಮಿಷದೊಳಗೆ ಮುಗಿದುಹೋಗುವುದರಿಂದ, ಯಾವ ಹಂತದಲ್ಲಿ ಆಟ ಕೈಬಿಟ್ಟಿತು ಎಂಬುದೇ ತಿಳಿಯದೆ, ಮುಂದಿನ ಸಲವೂ ಹಾಗೆಯೇ ಆಗುತ್ತದೆ. ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಶಾಂತಿಸಾಗರ (ಚನ್ನಗಿರಿ)

ನಿಮ್ಮ ಮೊದಲನೆಯ ಗೆಳೆಯರ ಮಾತೇ ಸರಿ ಎಂದು ನನಗೆ ಕಾಣುತ್ತದೆ. ಸೋಲೋ, ಖಾಸಗಿ ಗುಂಪು, ಓಪನ್ ಈ ಮೂರರಲ್ಲೂ ಇರುವುದು ಅದೇ ನಕ್ಷತ್ರಪುಂಜ, ಅದೇ ಹಣ, ಅದೇ ನೌಕೆ. ಡೆಸಿಯಾಟ್‌ಗೆ ಹೋಗುವ ಮುನ್ನ ಮುಖ್ಯ ಮೆನುವಿಗೆ ಬಂದು ಸೋಲೋ ಆರಿಸಿ, ಕೆಲಸ ಮುಗಿಸಿಕೊಂಡು ಮತ್ತೆ ಓಪನ್‌ಗೆ ಬಂದರೆ ಯಾರೂ ಆಕ್ಷೇಪಿಸುವಂತಿಲ್ಲ, ಏಕೆಂದರೆ ಆಟವನ್ನು ರೂಪಿಸಿದವರೇ ಆ ಆಯ್ಕೆಯನ್ನು ಕೊಟ್ಟಿದ್ದಾರೆ. ದಿನವಿಡೀ ಅಂಗಡಿಯಲ್ಲಿ ಕುಳಿತು, ರಾತ್ರಿ ಸ್ವಲ್ಪ ಹೊತ್ತು ಆಡುವ ನನ್ನಂಥವರಿಗೆ, ಯಾರದೋ ಮನರಂಜನೆಗೆ ನೌಕೆ ಕಳೆದುಕೊಂಡು ಅದನ್ನು ಪಾಠವೆಂದು ಭಾವಿಸುವಷ್ಟು ವ್ಯವಧಾನವಿಲ್ಲ.

ಜೋಗಿಮಟ್ಟಿ (ಚಿತ್ರದುರ್ಗ)

ಶಾಂತಿಸಾಗರ ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ಓಪನ್‌ನಲ್ಲಿ ಉಳಿದು ಕಲಿಯಬೇಕೆಂದಿದ್ದಾರೆ. ಆದ್ದರಿಂದ ಆ ಪ್ರಶ್ನೆಗೇ ಉತ್ತರಿಸುತ್ತೇನೆ. ಸ್ವಲ್ಪ ದೀರ್ಘವಾಗುತ್ತದೆ.

ದಾಳಿ ಮುಗಿದ ಕೂಡಲೇ ನಾವೆಲ್ಲರೂ ಹೇಳಿಕೊಳ್ಳುವ ಮಾತು ‘ಅವನ ನೌಕೆ ಬಲವಾಗಿತ್ತು’ ಎಂಬುದು. ಅದು ನಿಜವೇ ಆದರೂ ಅದರಿಂದ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಸರಕಿನ ನೌಕೆಯಲ್ಲಿ ಕುಳಿತವನು ಯುದ್ಧನೌಕೆಯನ್ನು ಸೋಲಿಸಬೇಕಾಗಿಲ್ಲ. ಅಲ್ಲಿಂದ ಜಿಗಿದು ಹೋಗುವವರೆಗೆ ಜೀವ ಹಿಡಿದುಕೊಂಡಿದ್ದರೆ ಸಾಕು. ಹಾಗಾಗಿ ನೋಡಬೇಕಾದದ್ದು ಬಲಾಬಲವನ್ನಲ್ಲ, ಗಡಿಯಾರವನ್ನು. ಎಷ್ಟು ಸೆಕೆಂಡ್ ನಿಮ್ಮ ಕೈಯಲ್ಲಿದ್ದವು, ಜಿಗಿಯಲು ಎಷ್ಟು ಬೇಕಾಗಿದ್ದವು, ಇದ್ದ ಸೆಕೆಂಡ್‌ಗಳು ಯಾವುದಕ್ಕೆ ಖರ್ಚಾದವು?

ಇದಕ್ಕೆ ನೆನಪನ್ನು ನಂಬಬೇಡಿ, ಗಾಬರಿಯಲ್ಲಿ ನೆನಪು ಸುಳ್ಳು ಹೇಳುತ್ತದೆ. ಪಿಸಿಯಲ್ಲಿ ಆಡುವವರಿಗೆ ಆಟವೇ ಒಂದು ದಿನಚರಿಯನ್ನು ಬರೆದಿಡುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್‌ನೊಳಗೆ ‘ಸೇವ್ಡ್ ಗೇಮ್ಸ್’, ಅದರೊಳಗೆ ‘ಫ್ರಾಂಟಿಯರ್ ಡೆವಲಪ್‌ಮೆಂಟ್ಸ್’, ಅದರೊಳಗೆ ‘ಎಲೀಟ್ ಡೇಂಜರಸ್’ ಎಂಬ ಫೋಲ್ಡರ್ ತೆರೆಯಿರಿ. ‘ಜರ್ನಲ್’ ಎಂದು ಆರಂಭವಾಗುವ ಕಡತಗಳು ಅಲ್ಲಿರುತ್ತವೆ. ನೋಟ್‌ಪ್ಯಾಡ್‌ನಲ್ಲೇ ಅವನ್ನು ಓದಬಹುದು. ಒಂದು ಘಟನೆಗೆ ಒಂದು ಸಾಲು, ಪ್ರತಿ ಸಾಲಿನ ಆರಂಭದಲ್ಲಿ ಸೆಕೆಂಡ್‌ವರೆಗಿನ ಸಮಯ. ಆ ಸಮಯ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಇರುತ್ತದೆ, ಆದ್ದರಿಂದ ನಮ್ಮ ರಾತ್ರಿ 10:14ರ ಘಟನೆಯನ್ನು 16:44 ಎಂದಿರುವಲ್ಲಿ ಹುಡುಕಬೇಕು.

ಮೊದಲು ‘ಇಂಟರ್‌ಡಿಕ್ಟೆಡ್’ ಎಂಬ ಸಾಲನ್ನು ಹುಡುಕಿ. ಎಳೆದುಹಾಕಿದವನು ಆಟಗಾರನೋ ಕಂಪ್ಯೂಟರೋ ಎಂಬುದೂ, ನೀವು ಶರಣಾದಿರೋ ಸೋತಿರೋ ಎಂಬುದೂ ಆ ಸಾಲಿನಲ್ಲಿಯೇ ಇರುತ್ತವೆ. ಅಲ್ಲಿಂದ ಕೆಳಗೆ ಬಂದರೆ ‘ಶೀಲ್ಡ್ ಸ್ಟೇಟ್’ ಎಂಬ ಸಾಲು ಶೀಲ್ಡ್ ಬಿದ್ದ ಕ್ಷಣವನ್ನು ತೋರಿಸುತ್ತದೆ. ‘ಹಲ್ ಡ್ಯಾಮೇಜ್’ ಎಂಬ ಸಾಲುಗಳು ಹಲ್ ಹಂತಹಂತವಾಗಿ ಕುಸಿದದ್ದನ್ನು ತೋರಿಸುತ್ತವೆ. ಕೊನೆಯಲ್ಲಿ ‘ಡೈಡ್’ ಎಂಬ ಸಾಲಿನಲ್ಲಿ ಹೊಡೆದವನ ಹೆಸರು, ನೌಕೆ ಮತ್ತು ಶ್ರೇಣಿ ಇರುತ್ತವೆ. ಇವುಗಳ ನಡುವೆ ‘ಸ್ಟಾರ್ಟ್ ಜಂಪ್’ ಎಂಬ ಸಾಲು ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ಅದು ಇಲ್ಲದಿದ್ದರೆ ನಿಮ್ಮ ಡ್ರೈವ್ ಜಿಗಿತದ ಎಣಿಕೆಯನ್ನು ಆರಂಭಿಸುವ ಹಂತಕ್ಕೇ ಬಂದಿರಲಿಲ್ಲ ಎಂದರ್ಥ.

ಈಗ ಲೆಕ್ಕ ಹಾಕಿ. ಉದಾಹರಣೆಗೆ ‘ಇಂಟರ್‌ಡಿಕ್ಟೆಡ್’ 16:44:10ಕ್ಕೆ, ಶೀಲ್ಡ್ ಬಿದ್ದದ್ದು 16:44:38ಕ್ಕೆ, ‘ಡೈಡ್’ 16:45:05ಕ್ಕೆ ಎಂದು ಇಟ್ಟುಕೊಳ್ಳೋಣ. ಒಟ್ಟು 55 ಸೆಕೆಂಡ್‌ಗಳು ನಿಮ್ಮ ಕೈಯಲ್ಲಿದ್ದವು. ಇನ್ನೊಂದು ನಕ್ಷತ್ರಕ್ಕೆ ಜಿಗಿಯಲು ಡ್ರೈವ್ ಚಾರ್ಜ್ ಆಗುವುದಕ್ಕೆ ಸುಮಾರು 15 ಸೆಕೆಂಡ್ ಬೇಕು. ಹೊರಬಿದ್ದ ಮೇಲೆ ಡ್ರೈವ್ ಮತ್ತೆ ಚಾಲೂ ಆಗುವವರೆಗಿನ ಕಾಯುವಿಕೆ (ಕೂಲ್‌ಡೌನ್) ಮತ್ತು ಕೊನೆಯ ಎಣಿಕೆಯನ್ನು ಸೇರಿಸಿದರೂ, ಶರಣಾಗಿ ಹೊರಬಂದವನಿಗೆ ಎಲ್ಲವೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂದರೆ ಆ ದುರ್ಬಲ ಟೈಪ್-6ನಲ್ಲಿಯೂ ಪಾರಾಗುವಷ್ಟು ಸಮಯವಿತ್ತು ಎಂದು ಲೆಕ್ಕ ಹೇಳುತ್ತದೆ. ನಿಮ್ಮ ಜರ್ನಲ್‌ನ ಅಂಕಿಗಳು ಬೇರೆ ಇರಬಹುದು. ಒಟ್ಟು ಸಮಯವೇ ಹದಿನೈದಿಪ್ಪತ್ತು ಸೆಕೆಂಡ್ ಎಂದಿದ್ದರೆ ಆಗ ಮಾತ್ರ ಶೀಲ್ಡ್ ಬಗ್ಗೆ ಯೋಚಿಸಬೇಕು.

ಸಮಯ ಇದ್ದೂ ಪಾರಾಗದಿದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ, ನಿಮ್ಮ ವಿವರಣೆಯಲ್ಲಿ ಎರಡೂ ಕಾಣುತ್ತಿವೆ.

ಮೊದಲನೆಯದು, ಇಂಟರ್‌ಡಿಕ್ಷನ್‌ನಲ್ಲಿ ಗುದ್ದಾಡಿದ್ದು. ಕಂಪ್ಯೂಟರ್ ಎಳೆದಾಗ ಗುದ್ದಾಡಿ ಗೆಲ್ಲಬಹುದು. ಅಭ್ಯಾಸವಿರುವ ಆಟಗಾರ ಎಳೆದಾಗ ಸರಕಿನ ನೌಕೆಗೆ ಆ ಅವಕಾಶ ಬಹಳ ಕಡಿಮೆ, ಮತ್ತು ಸೋತರೆ ಆಗುವ ನಷ್ಟ ಬಹಳ ಹೆಚ್ಚು: ನೌಕೆ ಹತೋಟಿ ತಪ್ಪಿ ತಿರುಗುತ್ತದೆ, ಪೆಟ್ಟೂ ಬೀಳುತ್ತದೆ, ಡ್ರೈವ್ ಮತ್ತೆ ಚಾಲೂ ಆಗಲು ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಎಳೆತ ಆರಂಭವಾದ ಕೂಡಲೇ ಥ್ರಾಟಲ್ ಸೊನ್ನೆಗೆ ಇಳಿಸಿದರೆ ಅದನ್ನು ಶರಣಾಗತಿ ಎಂದು ಆಟ ಪರಿಗಣಿಸುತ್ತದೆ. ನೌಕೆ ನೇರವಾಗಿ ಹೊರಬರುತ್ತದೆ, ಕೂಲ್‌ಡೌನ್ ಬೇಗ ಮುಗಿಯುತ್ತದೆ. ಗುದ್ದಾಡಿ ಸೋತವನು ಹೋರಾಟ ಶುರುವಾಗುವ ಮೊದಲೇ ತನ್ನ ಸೆಕೆಂಡ್‌ಗಳನ್ನು ಎದುರಾಳಿಗೆ ಕೊಟ್ಟಿರುತ್ತಾನೆ.

ಎರಡನೆಯದು, ಸೂಪರ್‌ಕ್ರೂಸ್‌ಗೆ ಮರಳಲು ಯತ್ನಿಸಿದ್ದು. ಹತ್ತಿರದಲ್ಲಿ ನಿಮಗಿಂತ ಭಾರವಾದ ನೌಕೆ ಇದ್ದಾಗ ಮಾಸ್ ಲಾಕ್ ಆಗುತ್ತದೆ, ಡ್ರೈವ್ ಆಮೆಯ ಹಾಗೆ ಚಾರ್ಜ್ ಆಗಲು ಅದೇ ಕಾರಣ. ಆದರೆ ಮಾಸ್ ಲಾಕ್ ತಡೆಯುವುದು ಅದೇ ಸೌರಮಂಡಲದೊಳಗಿನ ಸೂಪರ್‌ಕ್ರೂಸ್ ಪ್ರವೇಶವನ್ನು ಮಾತ್ರ. ಬೇರೆ ನಕ್ಷತ್ರಕ್ಕೆ ಜಿಗಿಯುವುದನ್ನು, ಅಂದರೆ ಆಟಗಾರರು ಹೈ ವೇಕ್ ಎನ್ನುವುದನ್ನು, ಅದು ಕಿಂಚಿತ್ತೂ ತಡೆಯುವುದಿಲ್ಲ. ಫರ್-ಡಿ-ಲ್ಯಾನ್ಸ್ ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದರೂ ಹೈ ವೇಕ್ ಅದರ ಪಾಡಿಗೆ ಚಾರ್ಜ್ ಆಗುತ್ತದೆ. ಸೂಪರ್‌ಕ್ರೂಸ್‌ಗೆ ಹೋದರೂ ಹಿಂಬಾಲಿಸುವವನಿಗೆ ವಿಶೇಷ ಉಪಕರಣವೇನೂ ಬೇಕಾಗಿಲ್ಲ, ಬಂದು ಇನ್ನೊಮ್ಮೆ ಎಳೆಯುತ್ತಾನೆ. ಹೈ ವೇಕ್ ಮಾಡಿದವನನ್ನು ಹಿಂಬಾಲಿಸಲು ಜಿಗಿತದ ಜಾಡು ಓದುವ ವೇಕ್ ಸ್ಕ್ಯಾನರ್ ಬೇಕು, ಸ್ಕ್ಯಾನ್ ಮುಗಿಯುವವರೆಗೆ ಕಾಯಲೂ ಬೇಕು.

ಇದಕ್ಕೆ ಪೂರ್ವಸಿದ್ಧತೆ ಒಂದೇ. ಅಪಾಯದ ಸೌರಮಂಡಲಕ್ಕೆ ಬಂದ ಕೂಡಲೇ ಪಕ್ಕದ ಯಾವುದಾದರೂ ನಕ್ಷತ್ರವನ್ನು ಗುರಿಯಾಗಿ ಆರಿಸಿಟ್ಟುಕೊಳ್ಳಬೇಕು. ಗುಂಡು ಬೀಳುತ್ತಿರುವಾಗ ಗೆಲಾಕ್ಸಿ ಮ್ಯಾಪ್ ತೆರೆದು ನಕ್ಷತ್ರ ಹುಡುಕುವುದು ಆಗದ ಮಾತು. ಸೂಪರ್‌ಕ್ರೂಸ್‌ಗೂ ಹೈಪರ್‌ಸ್ಪೇಸ್‌ಗೂ (ಬೇರೆ ನಕ್ಷತ್ರದ ಜಿಗಿತಕ್ಕೂ) ಬೇರೆ ಬೇರೆ ಕೀಲಿಗಳನ್ನು ಕಂಟ್ರೋಲ್ಸ್ ಮೆನುವಿನಲ್ಲಿ ಈಗಲೇ ನಿಗದಿ ಮಾಡಿಕೊಳ್ಳಿ; ಎರಡಕ್ಕೂ ಒಂದೇ ಕೀಲಿ ಇಟ್ಟುಕೊಂಡವರು ಒತ್ತಡದಲ್ಲಿ ಎಡವುವುದನ್ನು ಬಹಳ ನೋಡಿದ್ದೇನೆ. ಹೈ ವೇಕ್‌ನ ಕೊನೆಗೆ ನೌಕೆಯ ಮೂತಿ ಆ ನಕ್ಷತ್ರದ ದಿಕ್ಕಿಗೇ ಇರಬೇಕು, ನಡುವೆ ಗ್ರಹವೋ ಸೂರ್ಯನೋ ಅಡ್ಡ ಇದ್ದರೆ ಜಿಗಿತ ಆಗುವುದಿಲ್ಲ. ಆದ್ದರಿಂದ ನೀವು ಸಾಗುವ ಹಾದಿಯಿಂದ ನೋಡಿದರೆ ತೆರೆದ ಆಕಾಶದಲ್ಲಿ ಕಾಣುವ ನಕ್ಷತ್ರವನ್ನೇ ಆರಿಸಿ.

ಇನ್ನು ಡೆಸಿಯಾಟ್‌ನ ವಿಚಾರ. ಜಿಗಿತದ ದೂರವನ್ನು ಹೆಚ್ಚಿಸಿಕೊಳ್ಳಲು ಹೆಚ್ಚಿನ ಹೊಸಬರು ಫಾರ್ಸಿಯರ್ ಬಳಿಗೆ ಹೋಗುವುದರಿಂದ, ಬೇಟೆಗಾರರು ಬೇರೆಲ್ಲೂ ಅಲೆಯದೆ ಅಲ್ಲಿಯೇ ಕಾದು ಕುಳಿತಿರುತ್ತಾರೆ. ದುರ್ಗದವರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ಹಾಕಲೇಬೇಕಾಗಿತ್ತು, ಒನಕೆ ಹಿಡಿದವಳಿಗೆ ಅಷ್ಟೇ ಸಾಕಾಗಿತ್ತು. ಇಲ್ಲಿ ತಲೆ ಹಾಕುತ್ತಿರುವವರು ನಾವು ಎಂಬುದಷ್ಟೇ ವ್ಯತ್ಯಾಸ. ನಕ್ಷತ್ರಪುಂಜದಲ್ಲಿ 40,000 ಕೋಟಿ ನಕ್ಷತ್ರಗಳಿದ್ದರೂ ಆಟಗಾರರು ಒಬ್ಬರಿಗೊಬ್ಬರು ಎದುರಾಗುವುದು ಇಂಥ ಬೆರಳೆಣಿಕೆಯ ಜಾಗಗಳಲ್ಲಿ. ಆದ್ದರಿಂದ ದಾಳಿಯ ನಂತರ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಅಲ್ಲಿ ಏನು ಮಾಡಿದೆ’ ಎಂಬುದಕ್ಕಿಂತ ‘ಅಲ್ಲಿಗೆ ಯಾವ ಸಿದ್ಧತೆಯಲ್ಲಿ ಹೋಗಿದ್ದೆ’ ಎಂಬುದು.

ಹಳೇ ಬೇಟೆಗಾರ (ಹರಿಹರ)

ಜೋಗಿಮಟ್ಟಿ ಅವರು ಬರೆದದ್ದೆಲ್ಲ ಸರಿಯಾಗಿದೆ. ನಾನು ಒಂದು ಕಾಲದಲ್ಲಿ ಆ ಕಡೆಯ ನೌಕೆಯಲ್ಲಿ ಕುಳಿತವನು. ಈಗ ಆ ಆಸಕ್ತಿ ಉಳಿದಿಲ್ಲ. ಹಿಂದಿನಿಂದ ಬರುವವನ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ರಾಡಾರ್‌ನಲ್ಲಿ ಕಾಣುವ ಗುರುತುಗಳನ್ನು ಗಮನಿಸಿದ್ದೀರಾ? ಒಳಗೆ ಬಣ್ಣ ತುಂಬಿರುವ ಗುರುತು ಕಂಪ್ಯೂಟರ್ ನಡೆಸುವ ನೌಕೆ, ಟೊಳ್ಳಾಗಿರುವ ಗುರುತು ಮನುಷ್ಯರದು. ಚೌಕವಾಗಿದ್ದರೆ ಆಯುಧಗಳು ಒಳಗಿವೆ, ತ್ರಿಕೋನವಾಗಿದ್ದರೆ ಹೊರಗೆ ಬಂದಿವೆ. ಸೂಪರ್‌ಕ್ರೂಸ್‌ನಲ್ಲಿ ಒಂದು ಟೊಳ್ಳು ಚೌಕ ನಿಧಾನವಾಗಿ ನಿಮ್ಮ ಹಿಂಬದಿಗೆ ಬಂದು ಅಲ್ಲೇ ನೆಲೆ ನಿಂತರೆ, ಅವನು ನಿಮ್ಮನ್ನು ಆರಿಸಿಕೊಂಡಿದ್ದಾನೆ ಎಂದು ತಿಳಿಯಬೇಕು. ಇಂಟರ್‌ಡಿಕ್ಟರ್ ಕೆಲಸ ಮಾಡಲು ಅವನು ನಿಮ್ಮ ಹಿಂದೆ, ಸಮೀಪದಲ್ಲಿ, ನಿಮ್ಮನ್ನು ಮೂತಿಯ ಎದುರಿಗಿಟ್ಟುಕೊಂಡು ಇರಲೇಬೇಕಾಗುತ್ತದೆ. ಆ ಜಾಗಕ್ಕೆ ಬರಲು ಅವನಿಗೂ ಸಮಯ ಬೇಕು. ನಾನು ಬೇಟೆಯಾಡುತ್ತಿದ್ದಾಗ ಸುಲಭವಾಗಿ ಸಿಕ್ಕವರೆಲ್ಲರೂ ಒಂದೇ ರೀತಿಯವರು: ನಿಲ್ದಾಣದ ಕಡೆಗೆ ಗೆರೆ ಎಳೆದಂತೆ ನೇರವಾಗಿ ಹೋಗುತ್ತಿರುವವರು, ಒಮ್ಮೆಯೂ ಪಕ್ಕಕ್ಕೆ ತಿರುಗದವರು, ವೇಗವನ್ನೂ ಬದಲಿಸದವರು. ಹತ್ತಿರ ಬಂದಾಗ ಥಟ್ಟನೆ ತಿರುಗಿ ನನ್ನ ಹಿಂದಕ್ಕೆ ಬರಲು ಯತ್ನಿಸಿದವರನ್ನು, ಅವರು ಎಷ್ಟೇ ಚಿಕ್ಕ ನೌಕೆಯಲ್ಲಿದ್ದರೂ, ಬಹಳ ಸಲ ಬಿಟ್ಟುಬಿಡುತ್ತಿದ್ದೆ. ನೋಡುತ್ತಿದ್ದಾನೆ ಎಂದು ಗೊತ್ತಾದವನನ್ನು ಹಿಡಿಯುವುದು ಶ್ರಮದ ಕೆಲಸ.

ಸಾಮಾನ್ಯ ಬಾಹ್ಯಾಕಾಶಕ್ಕೆ ಬಿದ್ದ ಮೇಲೆ ಬೆನ್ನು ತೋರಿಸಿ ನೇರವಾಗಿ ಓಡುವುದು ಎದುರಾಳಿಗೆ ಮಾಡುವ ಉಪಕಾರ. ಓಡುವ ನೌಕೆ ಗುರಿಯ ನಡುವೆ ಕದಲದೆ ನಿಲ್ಲುತ್ತದೆ, ಎಂಜಿನ್‌ಗಳೂ ಅವನ ಕಡೆಗೇ ತೆರೆದುಕೊಂಡಿರುತ್ತವೆ. ಅದರ ಬದಲು ಅವನತ್ತಲೇ ತಿರುಗಿ, ಬೂಸ್ಟ್ ಒತ್ತಿ, ಅವನ ಪಕ್ಕದಿಂದಲೋ ಹೊಟ್ಟೆಯ ಕೆಳಗಿನಿಂದಲೋ ಹಾದುಹೋಗಬೇಕು. ಅವನು ಮತ್ತೆ ತಿರುಗಿ ಗುರಿ ಹಿಡಿಯುವಷ್ಟರಲ್ಲಿ ಕೆಲವು ಸೆಕೆಂಡ್‌ಗಳು ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಫರ್-ಡಿ-ಲ್ಯಾನ್ಸ್ ಬೇಗ ತಿರುಗುವ ನೌಕೆಯಾದ್ದರಿಂದ ಬಹಳ ದೊಡ್ಡ ಲಾಭವೇನೂ ಇಲ್ಲ, ಆದರೆ ನಿಮಗೆ ಬೇಕಾಗಿರುವುದೂ ಅಷ್ಟೇ.

ನೌಕೆಯ ಶಕ್ತಿಯ ಪಾಲುಗಳಾದ ಪಿಪ್‌ಗಳ ಹಂಚಿಕೆಯನ್ನು ಮರೆಯುವವರು ಬಹಳ. ಇರುವ 6 ಪಿಪ್‌ಗಳಲ್ಲಿ 4 ಸಿಸ್ಟಮ್ಸ್‌ಗೆ, 2 ಎಂಜಿನ್ಸ್‌ಗೆ ಕೊಡಿ. ವೆಪನ್ಸ್‌ಗೆ ಒಂದೂ ಬೇಡ, ನೀವು ಹೊಡೆಯುವುದಕ್ಕೆ ನಿಂತಿಲ್ಲ. ಸಿಸ್ಟಮ್ಸ್‌ಗೆ 4 ಪಿಪ್ ಕೊಟ್ಟಾಗ ಅದೇ ಶೀಲ್ಡ್ ಗಣನೀಯವಾಗಿ ಹೆಚ್ಚು ಪೆಟ್ಟು ತಾಳುತ್ತದೆ, ಇದಕ್ಕೆ ಒಂದು ಕ್ರೆಡಿಟ್ ಕೂಡ ಖರ್ಚಿಲ್ಲ. ಎಳೆತ ಆರಂಭವಾದಾಗಲೇ ಇದನ್ನು ಮಾಡಿಟ್ಟುಕೊಳ್ಳಬೇಕು. ನಿಮ್ಮ ಪರದೆಯನ್ನು ರೆಕಾರ್ಡ್ ಮಾಡುತ್ತಿದ್ದರೆ, ದಾಳಿಯ ವೀಡಿಯೊದಲ್ಲಿ ಮೊದಲು ಬಲಗಡೆ ಕೆಳಗಿನ ಆ ಮೂರು ಕಂಬಗಳನ್ನು ನೋಡಿ. ಪಿಪ್‌ಗಳು ತಲಾ ಎರಡರಂತೆ ಹಾಗೇ ಕುಳಿತಿದ್ದರೆ ಕಲಿಯಬೇಕಾದದ್ದು ಅಲ್ಲಿಯೇ ಇದೆ.

ಚಾಫ್ ಬಗ್ಗೆ ಹೊಸಬರಿಗೆ ಅತಿಯಾದ ನಂಬಿಕೆ ಇರುತ್ತದೆ. ತಾನಾಗಿ ಗುರಿ ಹಿಡಿಯುವ ಗಿಂಬಲ್ ಮತ್ತು ಟರೆಟ್ ಆಯುಧಗಳನ್ನು ಅದು ದಿಕ್ಕು ತಪ್ಪಿಸುತ್ತದೆ, ಕೈಯಿಂದಲೇ ಗುರಿಯಿಡುವ ಫಿಕ್ಸೆಡ್ ಆಯುಧಗಳಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗೆಯೇ ಕೆಲವರು ನಿಮ್ಮ ಡ್ರೈವನ್ನೇ ರೀಬೂಟ್ ಮಾಡಿಸುವ ಕ್ಷಿಪಣಿಗಳನ್ನು ಇಟ್ಟುಕೊಂಡಿರುತ್ತಾರೆ; ಕ್ಷಿಪಣಿಗಳನ್ನು ಹೊಡೆದುರುಳಿಸುವ ಪಾಯಿಂಟ್ ಡಿಫೆನ್ಸ್ ಅವಕ್ಕೆ ಸ್ವಲ್ಪ ಮಟ್ಟಿಗೆ ಉತ್ತರ. ದಾಳಿಯಲ್ಲಿ ನಿಮ್ಮ ಚಾರ್ಜ್ ನಡುವೆಯೇ ಕಡಿದುಹೋಯಿತೇ ಎಂಬುದನ್ನು ಗಮನಿಸಿದರೆ ಎದುರಾಳಿ ಏನನ್ನು ಹೊತ್ತು ಬಂದಿದ್ದ ಎಂಬುದು ತಿಳಿಯುತ್ತದೆ.

ಇನ್ನೊಂದು ಮಾತು. ದಾಳಿ ಮಾಡುವವರೆಲ್ಲರೂ ಒಂದೇ ಜಾತಿಯಲ್ಲ. ನಿಜವಾದ ದರೋಡೆಕೋರ ಸರಕು ಕೇಳುತ್ತಾನೆ: ಎಳೆದ ಕೂಡಲೇ ಚಾಟ್‌ನಲ್ಲಿ ‘ಇಷ್ಟು ಟನ್ ಬೀಳಿಸು, ಹೋಗು’ ಎನ್ನುತ್ತಾನೆ. ಕೇಳಿದ್ದನ್ನು ಬೀಳಿಸಿದರೆ ಹೆಚ್ಚಿನವರು ಮಾತಿಗೆ ತಪ್ಪುವುದಿಲ್ಲ, ಏಕೆಂದರೆ ಸತ್ತ ನೌಕೆಗಿಂತ ಸರಕು ಬೀಳಿಸಿದ ನೌಕೆಯಿಂದಲೇ ಅವನಿಗೆ ಲಾಭ. ಆದ್ದರಿಂದ ಹೊರಬಿದ್ದ ಕೂಡಲೇ ಚಾಟ್ ಕಡೆಗೆ ಒಮ್ಮೆ ಕಣ್ಣು ಹಾಯಿಸಿ. ನಿಮಗೆ ಸಿಕ್ಕವನು ಏನೂ ಮಾತನಾಡಲಿಲ್ಲ ಎಂದಿದ್ದೀರಿ; ಅಂಥವನನ್ನು ಆಟಗಾರರು ಗ್ಯಾಂಕರ್ ಎನ್ನುತ್ತಾರೆ, ಅವನಿಗೆ ಬೇಕಾಗಿರುವುದು ನಿಮ್ಮ ರೀಬೈ ಪರದೆ ಮಾತ್ರ. ಅವನೊಂದಿಗೆ ಸಂಧಾನಕ್ಕೆ ಒಂದು ಸೆಕೆಂಡನ್ನೂ ಕಳೆಯಬೇಡಿ.

ವಿದ್ಯಾನಗರದ ಪೈಲಟ್ (ದಾವಣಗೆರೆ)

ಇಬ್ಬರಿಗೂ ಅನಂತ ಧನ್ಯವಾದಗಳು. ಜರ್ನಲ್ ತೆರೆದು ನೋಡಿದೆ. ‘ಇಂಟರ್‌ಡಿಕ್ಟೆಡ್’ ಸಾಲಿನಲ್ಲಿ ಶರಣಾಗಿಲ್ಲ ಎಂದಿದೆ. ‘ಸ್ಟಾರ್ಟ್ ಜಂಪ್’ ಸಾಲು ಇಲ್ಲವೇ ಇಲ್ಲ. ಶೀಲ್ಡ್ ಬಿದ್ದದ್ದಕ್ಕೂ ನೌಕೆ ಹೋದದ್ದಕ್ಕೂ ನಡುವೆ ಇದ್ದ ಅಂತರ ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಅದು ಕೇವಲ ನಾಲ್ಕೈದು ಸೆಕೆಂಡ್ ಎಂಬ ಭಾವನೆ ನನ್ನಲ್ಲಿತ್ತು.

ಇನ್ನೆರಡು ಸಂದೇಹಗಳಿವೆ. ನಮ್ಮ ಬಡಾವಣೆಯಲ್ಲಿ ಬೇಸಿಗೆಯ ಸಂಜೆ ಆಗಾಗ ಕರೆಂಟ್ ಹೋಗುತ್ತದೆ. ಹೋರಾಟದ ನಡುವೆ ಹಾಗೆ ಸಂಪರ್ಕ ಕಡಿದರೆ ಎದುರಾಳಿ ಅದನ್ನು ಮೋಸವೆಂದು ತಿಳಿಯುವುದಿಲ್ಲವೇ? ಎರಡನೆಯದಾಗಿ, ಟೈಪ್-6ಗೆ ಶೀಲ್ಡ್ ಹಾಕಿದರೆ ಸರಕಿನ ಜಾಗ ಕಡಿಮೆಯಾಗುತ್ತದೆ ಎಂದು ಅದನ್ನು ತೆಗೆದೇ ಓಡಾಡುವ ವ್ಯಾಪಾರಿಗಳಿದ್ದಾರಲ್ಲ, ಅದು ಸರಿಯೇ?

ಜೋಗಿಮಟ್ಟಿ (ಚಿತ್ರದುರ್ಗ)

ಕರೆಂಟಿನ ವಿಚಾರ ನಮ್ಮ ಕಡೆಯೂ ಅದೇ. ಸೋಲು ತಪ್ಪಿಸಿಕೊಳ್ಳಲು ಕೇಬಲ್ ಕೀಳುವುದನ್ನೋ ಆಟವನ್ನು ಬಲವಂತವಾಗಿ ಮುಚ್ಚುವುದನ್ನೋ ಕಾಂಬ್ಯಾಟ್ ಲಾಗಿಂಗ್ ಎನ್ನುತ್ತಾರೆ. ಅದು ನಿಯಮಬಾಹಿರ, ಎದುರಾಳಿ ದೂರು ಕೊಡಬಹುದು. ಆದರೆ ಮೆನುವಿನ ಮೂಲಕ ಹೊರಹೋಗುವುದಕ್ಕೆ ಅನುಮತಿ ಇದೆ: ಅಪಾಯದಲ್ಲಿರುವಾಗ 15 ಸೆಕೆಂಡ್ ಎಣಿಕೆ ನಡೆಯುತ್ತದೆ, ಅಲ್ಲಿಯವರೆಗೆ ನೌಕೆ ಪೆಟ್ಟು ತಿನ್ನುತ್ತ ಅಲ್ಲೇ ಇರುತ್ತದೆ. ನಿಯಮದಲ್ಲಿದ್ದರೂ ಅನೇಕರು ಅದನ್ನು ಹೀನವಾಗಿ ಕಾಣುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಕಲಿಯಬೇಕೆಂದಿರುವವನು ಅದನ್ನು ಬಳಸದಿರುವುದೇ ಒಳ್ಳೆಯದು, ಏಕೆಂದರೆ ಅಷ್ಟೇ ಸಮಯದಲ್ಲಿ ಡ್ರೈವ್ ಕೂಡ ಚಾರ್ಜ್ ಆಗುತ್ತದೆ. ನಿಜವಾಗಿಯೂ ಕರೆಂಟ್ ಹೋದರೆ ಎದುರಿನವನಿಗೆ ಕಾಣುವುದು ನೌಕೆ ಮಾಯವಾದದ್ದು ಮಾತ್ರ, ಕಾರಣ ಅವನಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೌಟರಿಗೆ ಇಲ್ಲದವರು ನಮ್ಮಲ್ಲಿ ಬಹಳ. ಎರಡನ್ನೂ ಅದೇ ಯುಪಿಎಸ್‌ಗೆ ಸೇರಿಸಿ. ಈ ಆಟದಲ್ಲಿ ಆಟಗಾರರ ಕಂಪ್ಯೂಟರ್‌ಗಳು ಒಂದಕ್ಕೊಂದು ನೇರವಾಗಿಯೇ ಮಾತನಾಡಿಕೊಳ್ಳುವುದರಿಂದ, ನಿಮ್ಮ ರೌಟರ್ ಒಂದು ಕ್ಷಣ ಸತ್ತರೂ ಅದರ ಪರಿಣಾಮ ಎದುರಿನವನ ಪರದೆಯಲ್ಲಿ ಕಾಣುತ್ತದೆ.

ಶೀಲ್ಡ್ ಇಲ್ಲದೆ ಓಡಾಡುವುದು ಸೋಲೋದಲ್ಲಿ ಲಾಭದಾಯಕ, ಓಪನ್‌ನಲ್ಲಿ ದುಬಾರಿ. ರೀಬೈ ಎಂದರೆ ನೌಕೆ ಮತ್ತು ಉಪಕರಣಗಳ ಬೆಲೆಯ ಶೇಕಡಾ 5. ಒಂದು ಕೋಟಿ ಕ್ರೆಡಿಟ್‌ನ ನೌಕೆಗೆ 5 ಲಕ್ಷ ಕೊಟ್ಟರೆ ನೌಕೆ ಹಾಗೇ ಮರಳಿ ಬರುತ್ತದೆ, ಆದರೆ ಹೊತ್ತಿದ್ದ ಸರಕಿಗೆ ವಿಮೆ ಇಲ್ಲ. ಮಾರದೆ ಇಟ್ಟುಕೊಂಡಿದ್ದ ಅನ್ವೇಷಣೆಯ ಮಾಹಿತಿಯೂ ಹೋಗುತ್ತದೆ. ಒಂದು ಸುತ್ತಿನ ಸರಕು ಕಳೆದುಕೊಂಡವನ ನಷ್ಟ, ಶೀಲ್ಡ್‌ಗಾಗಿ ಬಿಟ್ಟುಕೊಟ್ಟ ಕೆಲವು ಟನ್‌ಗಳ ಲಾಭಕ್ಕಿಂತ ಎಷ್ಟೋ ಪಾಲು ದೊಡ್ಡದು. ಶೀಲ್ಡ್ ಕೊಳ್ಳುವಾಗ ಒಂದು ಅಂಶ ನೆನಪಿರಲಿ: ಎಂಜಿನಿಯರ್ ಕೈಗೆ ಹೋಗದ ಶೀಲ್ಡ್ ಲೇಸರ್‌ನಂಥ ಉಷ್ಣದ ಪೆಟ್ಟಿಗೆ ದುರ್ಬಲ, ಗುಂಡಿನ ಪೆಟ್ಟಿಗೆ ಗಟ್ಟಿ, ಹಲ್ ಗುಂಡಿಗೂ ಸ್ಫೋಟಕಕ್ಕೂ ದುರ್ಬಲ. ಆದ್ದರಿಂದ ಪಳಗಿದ ದಾಳಿಕೋರರು ಶೀಲ್ಡ್ ಕಳಚುವವರೆಗೆ ಲೇಸರ್, ಆಮೇಲೆ ಗುಂಡು ಎಂದು ಎರಡು ಬಗೆಯ ಆಯುಧಗಳನ್ನು ಇಟ್ಟುಕೊಂಡಿರುತ್ತಾರೆ. ಜರ್ನಲ್‌ನಲ್ಲಿ ಶೀಲ್ಡ್ ಬಹಳ ಹೊತ್ತು ತಾಳಿ ಹಲ್ ಥಟ್ಟನೆ ಹೋಗಿದ್ದರೆ ಹಲ್ ರೀಇನ್‌ಫೋರ್ಸ್‌ಮೆಂಟ್, ಅದಕ್ಕೆ ವಿರುದ್ಧವಾಗಿದ್ದರೆ ಶೀಲ್ಡ್ ಬೂಸ್ಟರ್. ಕೊಳ್ಳುವ ಮುನ್ನ ಜರ್ನಲ್ ಕೇಳಿ, ಅಂಗಡಿಯವರನ್ನಲ್ಲ.

ಬಲಗಡೆಯ ಫಲಕದಲ್ಲಿ ‘ರಿಪೋರ್ಟ್ ಕ್ರೈಮ್ಸ್ ಅಗೇನ್ಸ್ಟ್ ಮಿ’ ಎಂಬುದು ಆನ್ ಆಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ. ಅನಾರ್ಕಿ (ಕಾನೂನಿಲ್ಲದ ಸೌರಮಂಡಲ) ಅಲ್ಲದ ಕಡೆ ದಾಳಿಕೋರನ ತಲೆಗೆ ಬೌಂಟಿ ಬೀಳುತ್ತದೆ, ಭದ್ರತಾ ನೌಕೆಗಳೂ ಬರುತ್ತವೆ. ಅವು ಬಂದು ಕಾಪಾಡುತ್ತವೆ ಎಂದು ಕಾಯುತ್ತ ಕೂರಬೇಡಿ.

ಶಾಂತಿಸಾಗರ (ಚನ್ನಗಿರಿ)

ಇಷ್ಟೆಲ್ಲ ಓದಿದ ಮೇಲೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಮೊದಲ ಎಲೀಟ್ ಮಾಡಿದಾಗಲೇ ವ್ಯಾಪಾರಿಯ ದಾರಿಯಲ್ಲಿ ದರೋಡೆಕೋರರಿದ್ದರು, ಅದನ್ನು ಒಪ್ಪುತ್ತೇನೆ. ಅಪಾಯವಿಲ್ಲದ ವ್ಯಾಪಾರದಲ್ಲಿ ಸ್ವಾರಸ್ಯವಿಲ್ಲ. ಆದರೆ ಅಲ್ಲಿಯ ದರೋಡೆಕೋರನಿಗೆ ಸರಕಿನ ಆಸೆಯಿತ್ತು. ಹೊಸಬರು ಬರುವ ಬಾಗಿಲಲ್ಲಿ ನಿಂತು, ಏನೂ ಕೇಳದೆ, ಎಂಜಿನಿಯರ್‌ಗಳಿಂದ ಪೂರ್ತಿ ಬಲಪಡಿಸಿದ ನೌಕೆಯಿಂದ ಹೊಡೆಯುವವನನ್ನು ಗುರು ಎಂದು ಕರೆಯಲು ನನಗೆ ಮನಸ್ಸು ಬಾರದು. ಕಲಿಯುವವನು ತನ್ನ ಜಾಣತನದಿಂದ ಕಲಿತಿರುತ್ತಾನೆ, ಅದರ ಶ್ರೇಯಸ್ಸು ಹೊಡೆದವನಿಗೆ ಸಲ್ಲಬಾರದು.

ಆಟಗಾರರ ಮೇಲೆ ದಾಳಿ ಮಾಡಬಾರದೆಂಬ ನಿಯಮವಿರುವ ಖಾಸಗಿ ಗುಂಪುಗಳಿವೆ, ಸೋಲೋದ ಒಂಟಿತನ ಬೇಡವೆನ್ನುವವರಿಗೆ ಅವು ನಡುದಾರಿ. ಪದೇ ಪದೇ ಕಾಡುವ ಒಬ್ಬನೇ ಇದ್ದರೆ ಬ್ಲಾಕ್ ಮಾಡಿದಾಗ ಅವನು ಎದುರಾಗುವ ಸಂಭವ ಕಡಿಮೆಯಾಗುತ್ತದೆ.

ಹಳೇ ಬೇಟೆಗಾರ (ಹರಿಹರ)

ಶಾಂತಿಸಾಗರ ಅವರೇ, ನಿಮ್ಮ ಮಾತಿನ ಕೊನೆಯ ಭಾಗವನ್ನು ನಾನು ಒಪ್ಪುತ್ತೇನೆ. ನಮ್ಮಂಥವರು ಯಾರಿಗೂ ಪಾಠ ಹೇಳಲೆಂದು ಹೊಡೆಯುತ್ತಿರಲಿಲ್ಲ.

ಪೈಲಟ್ ಅವರೇ, ಓದಿದ್ದು ಕೈಗೆ ಬರಬೇಕಾದರೆ ಅಪರಿಚಿತನ ದಾಳಿಯವರೆಗೆ ಕಾಯಬೇಕಾಗಿಲ್ಲ. ಒಂದು ಖಾಸಗಿ ಗುಂಪು ತೆರೆಯಿರಿ. ಶನಿವಾರ ರಾತ್ರಿ ಊಟವಾದ ಮೇಲೆ ನಾನು ಫರ್-ಡಿ-ಲ್ಯಾನ್ಸ್ ತರುತ್ತೇನೆ, ನೀವು ಖಾಲಿ ಟೈಪ್-6 ತನ್ನಿ, ರೀಬೈಗೆ ಹಣ ಕೈಯಲ್ಲಿರಲಿ. ‘ರಿಪೋರ್ಟ್ ಕ್ರೈಮ್ಸ್’ ಆಫ್ ಮಾಡಿಕೊಂಡು ಬನ್ನಿ, ಇಲ್ಲದಿದ್ದರೆ ನನ್ನ ತಲೆಗೆ ಬೌಂಟಿ ಬೀಳುತ್ತದೆ. ಮೊದಲು ಎಳೆದು, ನೀವು ಥ್ರಾಟಲ್ ಇಳಿಸಿ ಹೊರಬಂದ ಮೇಲೆ ಗುಂಡು ಹಾರಿಸದೆ ಬರೀ ಹಿಂಬಾಲಿಸುತ್ತೇನೆ. ಪಿಪ್, ತಿರುವು, ಬೂಸ್ಟ್, ಹೈ ವೇಕ್ ಎಂಬ ಕ್ರಮ ಬೆರಳಿಗೆ ಹತ್ತಲಿ. ಆಮೇಲೆ ಶೀಲ್ಡ್ ಬೀಳುವವರೆಗೆ ಮಾತ್ರ ಹೊಡೆಯುತ್ತೇನೆ. ಮೂರನೆಯ ಸುತ್ತಿನಲ್ಲಿ ಯಾವಾಗ ಎಳೆಯುತ್ತೇನೆ ಎಂಬುದನ್ನು ಹೇಳುವುದಿಲ್ಲ.

ವಿದ್ಯಾನಗರದ ಪೈಲಟ್ (ದಾವಣಗೆರೆ)

ಶನಿವಾರ ಅನುಕೂಲವಾಗುತ್ತದೆ ಸರ್. ಗುಂಪಿನ ಆಹ್ವಾನವನ್ನು ಇಂದೇ ಕಳುಹಿಸುತ್ತೇನೆ. ಹೈಪರ್‌ಸ್ಪೇಸ್‌ಗೆ ಬೇರೆ ಕೀಲಿ ನಿಗದಿ ಮಾಡಿದ್ದಾಗಿದೆ, ರೌಟರ್ ಯುಪಿಎಸ್‌ಗೆ ಸೇರಿದೆ. ಜೋಗಿಮಟ್ಟಿ ಅವರೂ ಬಿಡುವಿದ್ದರೆ ಬರಬೇಕು. ಪ್ರತಿ ಸುತ್ತಿನ ನಂತರ ಜರ್ನಲ್‌ನ ಸಾಲುಗಳನ್ನು ಒಟ್ಟಿಗೆ ಕುಳಿತು ಓದಬಹುದು.

ಜೋಗಿಮಟ್ಟಿ (ಚಿತ್ರದುರ್ಗ)

ಬರುತ್ತೇನೆ. ಯುಟಿಸಿ ಲೆಕ್ಕದ ತಲೆನೋವು ನಿಮಗೆ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಡೆಸಿಯಾಟ್‌ನಲ್ಲಿ ಮಾತ್ರ ಬೇಡ, ಹೆಚ್ಚು ಗ್ರಹಗಳಿಲ್ಲದ ಒಂದು ಸೌರಮಂಡಲವನ್ನು ಆರಿಸಿ. ಮೊದಲ ಅಭ್ಯಾಸದಲ್ಲಿಯೇ ಜಿಗಿತದ ದಿಕ್ಕಿಗೆ ಗ್ರಹ ಅಡ್ಡ ಬಂದರೆ ಯಾವುದು ಯಾರ ತಪ್ಪು ಎಂಬುದೇ ಗೊತ್ತಾಗುವುದಿಲ್ಲ.